ಗೊಂಬೆಯೊಳಗೆ ಯಾರವ್ನೆ?

ನಮ್ಮ ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹಳ್ಳಿಗಳಲ್ಲಿ ಈ ಸಂಬಂಧ ಮಾಡೋದಾ ಬ್ಯಾಡ್ವಾ, ಬೋರು ಎಲ್ಲಿ ಕೊರೆಸೋದು ಅಂತ ಇವತ್ತಿಗೂ ದೇವರನ್ನು ಕೇಳೋರಿದ್ದಾರೆ. ಅಡ್ಡೆ ಮೇಲಿನ ದೇವರು ಮುಂದಕ್ಕೆ ನುಗ್ಗಿದರೆ ಒಂದರ್ಥ, ಹಿಂದಕ್ಕೆ ಸರಿದರೆ ಇನ್ನೊಂದು. ಬಲಗಡೆ ಹೂ ಬಿತ್ತೋ, ಮರುಮಾತಿಲ್ಲ. ಮುಖ, ಕಣ್ಣು, ಮೀಸೆ ಇರೋದರಿಂದಲೇ ಆ ಬಲ. ಬರೀ ಮರದ ಕೊರಡು ವಾಲಿದ್ದರೆ ಯಾರು ಕೈಮುಗೀತಿದ್ದರು? ಹೊತ್ತವರ ಹೆಗಲನ್ನು ಮಾತ್ರ ಯಾರೂ ನೋಡೋದಿಲ್ಲ.

ಈಗ ಮನುಷ್ಯರೂಪದ ರೋಬೋಟು ಬಂದಿದೆ. ಬೆಂಗಳೂರಿನಲ್ಲಿ ತಯಾರಾದ 'ಮಿತ್ರ' 2017ರಲ್ಲಿ ಹೈದರಾಬಾದಿನ ಉದ್ಯಮಿಗಳ ಸಮಾವೇಶದಲ್ಲಿ ಪ್ರಧಾನಿಯನ್ನೇ ಸ್ವಾಗತಿಸಿತು. ಅದೇ ವರ್ಷ ಸೌದಿ ಅರೇಬಿಯಾ 'ಸೋಫಿಯಾ' ಎಂಬ ಹೆಣ್ಣುಮುಖದ ಯಂತ್ರಕ್ಕೆ ಪೌರತ್ವ ಘೋಷಿಸಿತು. ಅಲ್ಲಿ ಬಿಸಿಲಲ್ಲಿ ಬೇಯುವ ಲಕ್ಷಾಂತರ ಪರದೇಶಿ ಕೂಲಿಗಳಿಗೆ ಆ ಭಾಗ್ಯವಿಲ್ಲ!

ಅಮೆರಿಕದ ಜಾರ್ಜಿಯಾ ಟೆಕ್‌ನವರು 2016ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಹೊರತಂದರು. ಕಟ್ಟಡದಲ್ಲಿ ಹೊಗೆ ಹಬ್ಬಿಸಿ, ದೀಪದ ಕೈ ಬೀಸುವ ಯಂತ್ರವೊಂದನ್ನು ದಾರಿ ತೋರಿಸಲು ನಿಲ್ಲಿಸಿದರು. ಸ್ವಲ್ಪ ಮುಂಚೆ ಅದೇ ಯಂತ್ರ ದಾರಿ ತಪ್ಪಿದ್ದನ್ನು ಕಣ್ಣಾರೆ ಕಂಡ ಜನ, ತಾವು ಒಳಬಂದ ಬಾಗಿಲನ್ನು ಬಿಟ್ಟು ಅದು ತೋರಿದ ಕಡೆಗೇ ಹೋದರು. ಓದಿದ ಜನ, ಸ್ವಾಮಿ. ಹೂ ಕೇಳುವ ನಮ್ಮ ಅಜ್ಜಿಯರನ್ನು ಮೂಢರೆಂದು ನಗುವವರು ಇದನ್ನೊಮ್ಮೆ ನೆನೆಯಲಿ.

'ರೋಬೋಟ್' ಎಂಬ ಮಾತು ಕಾರೆಲ್ ಚಾಪೆಕ್‌ನ 1920ರ ನಾಟಕದಿಂದ ಬಂದದ್ದು. ಚೆಕ್ ಭಾಷೆಯ 'ರೊಬೊಟ' ಅಂದರೆ ಬಿಟ್ಟಿ ಚಾಕರಿ. ನಮ್ಮ ತಾತಂದಿರು ಮಾಡಿದ್ದೂ ಅದನ್ನೇ. ಆದರೆ ಅವರು ಬುದ್ಧಿ ಹೇಳಿದ್ದರೆ ಯಾವ ಗೌಡ ಕೇಳ್ತಿದ್ದ? ಈ ಹೊಸ ಆಳಿನ ಮಾತನ್ನು ಜಗತ್ತು ಕೇಳ್ತಿದೆ ಅಂದಮೇಲೆ ಆ ಮಾತು ಆಳಿನದಲ್ಲ, ಧಣಿಯದು. ಜಾತ್ರೆಯ ಗಾರುಡಿಗೊಂಬೆ ಆದರೆ ನಮ್ಮ ಕೇರಿ ಹುಡುಗರು ಬಟ್ಟೆ ಎತ್ತಿ ಒಳಗಿನ ಕಾಲು ನೋಡಿಬಿಡ್ತಾರೆ. ಇದರ ಕಾಲು ಎಲ್ಲೋ ದೂರದ ಕಂಪನಿಯಲ್ಲಿದೆ.

ಯಂತ್ರಕ್ಕೆ ಜಾತಿಯಿಲ್ಲ ಅಂತ ಕೆಲವು ಗೆಳೆಯರು ವಾದಿಸ್ತಾರೆ. ಲೋಟ ಬೇರೆ ಇಡೋದಿಲ್ಲ, ನಿಜ. ಆದರೆ ಅದಕ್ಕೆ ಕಲಿಸೋದು ಇದೇ ಸಮಾಜದ ಹಳೇ ಕಡತ, ಹಳೇ ಮಾತುಗಳಿಂದ.

2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಂಗಸರು ಗುಡಿಯೊಳಕ್ಕೆ ಹೋದರೆಂದು ದಂಡ ಹಾಕಿದ್ದು ದೇವರಲ್ಲ, ಮನುಷ್ಯರು. ಮನುಷ್ಯರಾದ್ದರಿಂದ ಎದುರು ನಿಂತು ಕೇಳೋಕಾಯ್ತು, ಹೋರಾಟವಾಯ್ತು. ನಾಳೆ ಹಾಸನದ ಯಾವುದೋ ಕಚೇರಿಯಲ್ಲಿ ನಗುಮುಖದ ಗೊಂಬೆಯೊಂದು 'ಅಮ್ಮಾ, ನಿಮಗೆ ಸಾಲ ಬೇಡ' ಅಂತ ಮೆತ್ತಗೆ ಹೇಳಿದರೆ, ಆ ತಾಯಿ ತಲೆಯಾಡಿಸಿ ಬಸ್ ಸ್ಟ್ಯಾಂಡಿಗೆ ನಡೀತಾಳೆ. ನಾವು ಯಾರ ಕೊರಳಪಟ್ಟಿ ಹಿಡಿಯೋದು?