ಇಳಿಜಾರಿನಲ್ಲಿ ಕೆಳಗಿರುವವರು

ಹಗಲು ಎದೆ ನಡುಗಿಸುವ ಇಳಿಜಾರು ಬೇಕು, ರಾತ್ರಿ ಕುಣಿದು ಕುಪ್ಪಳಿಸುವ ಊರೂ ಬೇಕು. ಆಲ್ಪ್ಸ್ ಪರ್ವತಗಳಿಗೆ ಸ್ಕೀಯಿಂಗ್‌ಗೆಂದು ಹೊರಡುವ ಅನೇಕರು ಊರು ಆರಿಸುವಾಗ ಇಡುವ ಬೇಡಿಕೆಗಳು ಇವೆರಡೇ. ಎರಡೂ ಒಟ್ಟಿಗೆ ಸಿಗುವ ಜಾಗಗಳಲ್ಲಿ ಆಸ್ಟ್ರಿಯಾದ ಸೇಂಟ್ ಆಂಟನ್ ಮುಖ್ಯವಾದುದು. 1901ರಲ್ಲಿ ಆರ್ಲ್‌ಬರ್ಗ್ ಸ್ಕೀ ಕ್ಲಬ್ ಹುಟ್ಟಿದ ಸೀಮೆಯಿದು. ಇಲ್ಲಿನ 2,811 ಮೀಟರ್ ಎತ್ತರದ ವಲ್ಲುಗಾ ಶಿಖರಕ್ಕೆ ಸ್ಕೀ ಹಿಡಿದು ಹೋಗಬೇಕಾದರೆ ಮಾರ್ಗದರ್ಶಿ ಜೊತೆಗಿರಲೇಬೇಕು. ಇನ್ನು ಹೆಸರಾಂತ ಬಾರುಗಳಲ್ಲಿ ಕೆಲವು ಇರುವುದು ಊರಿನಲ್ಲಲ್ಲ, ಇಳಿಜಾರಿನ ಮೇಲೆಯೇ. ಸ್ಕೀ ಬೂಟಿನಲ್ಲೇ ಕುಣಿದು, ಕುಡಿದು, ಕತ್ತಲಾದ ಮೇಲೆ ಸ್ಕೀ ಮಾಡುತ್ತಲೇ ಊರಿಗಿಳಿಯುವವರು ಅಲ್ಲಿ ಅಪರೂಪವಲ್ಲ.

ಇಳಿಜಾರು ‘ಮೈಯೆಲ್ಲ ಕಣ್ಣಾಗಿರು’ ಎನ್ನುತ್ತದೆ. ಇರುಳು ‘ಮೈಮರೆ’ ಎನ್ನುತ್ತದೆ. ಮನುಷ್ಯನಿಗೆ ಎರಡೂ ಬೇಕು, ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ‘ನನ್ನ ಜೀವ, ನನ್ನ ದುಡ್ಡು, ನಿಮಗೇನು?’ ಎಂದು ಯಾರಾದರೂ ಕೇಳಿದರೆ, ಜಾನ್ ಸ್ಟುವರ್ಟ್ ಮಿಲ್ ಕೂಡ ಅವರ ಪರವಾಗಿ ನಿಂತಾನು. 1859ರ ‘ಆನ್ ಲಿಬರ್ಟಿ’ಯಲ್ಲಿ ಅವನು ಹಾಕಿದ ಗೆರೆ ಒಂದೇ: ಇನ್ನೊಬ್ಬರಿಗೆ ಹಾನಿಯಾಗಬಾರದು.

ಆದರೆ ಹಿಮದ ಇಳಿಜಾರಿನಲ್ಲಿ ‘ನನ್ನ ಅಪಾಯ’ ಎಂಬುದು ನನ್ನ ಬಳಿಯೇ ಉಳಿಯುವುದಿಲ್ಲ. ಅದೂ ಕೆಳಕ್ಕೆ ಜಾರುತ್ತದೆ. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ಹತ್ತು ನಿಯಮಗಳಲ್ಲಿ ಒಂದರ ಪ್ರಕಾರ, ಹಿಂದಿನಿಂದ ಬರುವವರು ಮುಂದಿರುವವರಿಗೆ ಅಪಾಯವಾಗದಂತೆ ತಮ್ಮ ದಾರಿ ಆರಿಸಿಕೊಳ್ಳಬೇಕು. ಕಾರಣ ಸರಳ: ಮುಂದಿರುವವರಿಗೆ ಬೆನ್ನಿನಲ್ಲಿ ಕಣ್ಣಿಲ್ಲ. ಗುರುತಿಸಿದ ಹಾದಿ ಬಿಟ್ಟು ಹೋದವರ ಭಾರಕ್ಕೇ ಹಿಮದ ಪದರ ಸಡಿಲಗೊಂಡು ಕುಸಿಯುವುದುಂಟು. ಆಗ ಹುಡುಕಲು ಹೊರಡುವ ಪರ್ವತ ರಕ್ಷಣಾ ದಳದಲ್ಲಿ ಬಹುಪಾಲು ಸ್ವಯಂಸೇವಕರು. ಸಂಜೆ ಹಾದಿಗಳನ್ನು ಮುಚ್ಚಿದ ಮೇಲೆ ಹಿಮ ಸಮಮಾಡುವ ಯಂತ್ರಗಳು ಉಕ್ಕಿನ ಹಗ್ಗ ಬಿಗಿದುಕೊಂಡು ಕಡಿದಾದ ಜಾಗಗಳನ್ನು ಏರುತ್ತವೆ. ಕತ್ತಲಲ್ಲಿ ತೂರಾಡುತ್ತ ಬರುವವರ ಕಣ್ಣಿಗೆ ಆ ಹಗ್ಗ ಬೀಳುವುದಿಲ್ಲ. ಇರುಳಿನ ಮೋಜಿಗೂ ಇದೇ ಮಾತು. 2020ರ ಮಾರ್ಚ್‌ನಲ್ಲಿ, ಅಲ್ಲಿಗೆ ಹತ್ತಿರದ ಇಷ್‌ಗ್ಲ್ ಊರಿನ ಕಿಕ್ಕಿರಿದ ಬಾರುಗಳಿಂದ ಕೊರೊನಾ ಸೋಂಕು ಯುರೋಪಿನ ಹಲವು ದೇಶಗಳಿಗೆ ಪ್ರಯಾಣಿಸಿತು. ಆ ಬಾರುಗಳನ್ನು ಕಂಡೇ ಇರದವರಿಗೂ ಅದು ತಗುಲಿತು.

ಹೀಗೆ ಲೆಕ್ಕ ಹಾಕಿದರೆ ಮನೆಯಿಂದ ಹೊರಗೇ ಕಾಲಿಡಲಾಗದು ಎನ್ನಬಹುದು. ನಿಜ, ಯಾರಿಗೂ ಅಪಾಯ ತಾರದ ಸಂತೋಷ ಕಡಿಮೆ. ಆದರೆ ಇಲ್ಲೊಂದು ವ್ಯತ್ಯಾಸವಿದೆ. ಇಳಿಜಾರಿಗೆ ಬಂದವರು, ಎಚ್ಚರವಿದ್ದವರೂ ಒಮ್ಮೊಮ್ಮೆ ಆಯತಪ್ಪುತ್ತಾರೆ ಎಂಬುದನ್ನು ಒಪ್ಪಿಕೊಂಡೇ ಬಂದಿರುತ್ತಾರೆ. ಎಚ್ಚರವನ್ನು ಬೇಕೆಂದೇ ಕಳಚಿಟ್ಟು ಮೇಲಿನಿಂದ ಬರುವವರನ್ನು ಅವರು ಒಪ್ಪಿಕೊಂಡಿಲ್ಲ. ಅವರ ಒಪ್ಪಿಗೆಯನ್ನು ಅವರ ಪರವಾಗಿ ನಾನು ಕೊಟ್ಟುಕೊಳ್ಳುವಂತಿಲ್ಲ.

ಆದ್ದರಿಂದ ಊರು ಆರಿಸುವಾಗ ಕಪ್ಪು ಗುರುತಿನ ಕಠಿಣ ಹಾದಿಗಳೆಷ್ಟು, ಬಾರುಗಳೆಷ್ಟು ಎಂದು ಎಣಿಸುವುದಷ್ಟೇ ಸಾಲದು. ಆ ಎರಡರ ನಡುವೆ ಸ್ಕೀ ಕಳಚಿಡಲು ನನಗೆ ಮನಸ್ಸಿದೆಯೇ ಎಂದೂ ಕೇಳಿಕೊಳ್ಳಬೇಕು. ಮನಸ್ಸಿದ್ದರೆ ಸೇಂಟ್ ಆಂಟನ್ ಸೊಗಸಾದ ಆಯ್ಕೆ. ಇಲ್ಲದಿದ್ದರೆ ಯಾವ ಊರೂ ಸರಿಯಲ್ಲ.