ಬಾಯಿಯ ಎಣಿಕೆ, ಕೈಯ ಎಣಿಕೆ

ಮನೆಗೆ ಯಾರಾದರೂ ಬಂದರೆ ಮೂರು ವರ್ಷದ ಮಗುವನ್ನು ಮುಂದೆ ನಿಲ್ಲಿಸಿ "ಒನ್ ಟೂ ಹೇಳು ಪುಟ್ಟಾ" ಎನ್ನುವುದು ನಮ್ಮಲ್ಲಿ ಕಾಫಿ ಕೊಡುವಷ್ಟೇ ಸಹಜವಾದ ಉಪಚಾರವಾಗಿದೆ. ಮಗು ಇಪ್ಪತ್ತರವರೆಗೆ ತಡವರಿಸದೆ ಹೇಳುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ. ಅದೇ ಮಗುವಿಗೆ "ಮೂರು ದ್ರಾಕ್ಷಿ ಕೊಡಪ್ಪಾ" ಎಂದರೆ ಒಂದು ಹಿಡಿ ತುಂಬ ಎತ್ತಿ ಕೊಡುತ್ತದೆ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಆದರೆ ನಾವು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ? ತಿಳಿಯದ ಮಾತನ್ನು ಮಗುವಿನಿಂದ ಆಡಿಸಿ ಮೆಚ್ಚುವುದು ಧರ್ಮವೇ? ವಾಚಕರು ಯೋಚಿಸಬೇಕಾದ ಪ್ರಶ್ನೆಯಿದು.

ಸಂಖ್ಯೆಯ ಹೆಸರು ಬೇರೆ, ಸಂಖ್ಯೆ ಬೇರೆ. ಕ್ಯಾರನ್ ವಿನ್ ಎಂಬ ಮನಶ್ಶಾಸ್ತ್ರಜ್ಞೆ ೧೯೯೦ರಲ್ಲಿ ಪ್ರಕಟಿಸಿದ ಲೇಖನ ಇದನ್ನೇ ತೋರಿಸಿತು. ಇಷ್ಟು ಆಟಿಕೆ ಕೊಡು ಎಂದು ಕೇಳಿದರೆ, ಎಣಿಕೆಯ ಪದಗಳನ್ನು ಸರಾಗವಾಗಿ ಹೇಳಬಲ್ಲ ಎಳೆಯ ಮಕ್ಕಳೂ ಎಣಿಸುವ ಗೋಜಿಗೆ ಹೋಗದೆ ಕೈಗೆ ಬಂದಷ್ಟು ಕೊಡುತ್ತಾರೆ. ಮಗು ಮೊದಲು 'ಒಂದು' ಎಂಬುದರ ಅರ್ಥವನ್ನು ಹಿಡಿಯುತ್ತದೆ. ಎಷ್ಟೋ ತಿಂಗಳ ಮೇಲೆ 'ಎರಡು', ಅದಾದ ಮೇಲೆ 'ಮೂರು'. ಎಣಿಸುವಾಗ ಕೊನೆಗೆ ಬಂದ ಪದವೇ ಒಟ್ಟು ಎಷ್ಟೆಂಬುದನ್ನು ಹೇಳುತ್ತದೆ ಎಂಬ ತಿಳಿವು ಮೂಡುವುದು ಬಹುಮಟ್ಟಿಗೆ ನಾಲ್ಕರ ಆಸುಪಾಸಿನಲ್ಲಿ.

ಹಾಗೆಂದು ಬಾಯಿಪಾಠವನ್ನು ಹಳಿಯುವವರ ಗುಂಪಿಗೆ ನಾವು ಸೇರುವುದಿಲ್ಲ. ಮಗ್ಗಿ ಹೇಳಿಸಿದ ಮೇಷ್ಟರು ಮೂಢರಾಗಿರಲಿಲ್ಲ. ಪದಗಳ ಸರಪಳಿ ನಾಲಿಗೆಯ ಮೇಲಿಲ್ಲದಿದ್ದರೆ ಎಣಿಸುವುದಾದರೂ ಹೇಗೆ? ಕೆಟ್ಟದ್ದೆಂದರೆ ಅಲ್ಲಿಗೇ ನಿಂತುಬಿಡುವುದು. ಅದಕ್ಕಿಂತ ಕೆಟ್ಟದ್ದು, ತಿಳಿಯದೆ ಹೇಳಿದರೂ ಶಹಭಾಸ್ ಸಿಗುತ್ತದೆಂದು ಮೂರನೆಯ ವರ್ಷದಲ್ಲೇ ಮಗುವಿಗೆ ತೋರಿಸಿಕೊಡುವುದು. ಮುಂದೆ ಪರೀಕ್ಷೆಯಲ್ಲೂ ಸಭೆಯಲ್ಲೂ ಅದು ಹಾಗೆಯೇ ನಡೆದುಕೊಂಡರೆ ಯಾರನ್ನು ದೂರೋಣ?

ಮೆಹದಿಪಟ್ಟಣಂನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇನ್ನೂ ಒಂದು ತೊಡಕುಂಟು. ೨೦೦೯ರಲ್ಲಿ ಇಲ್ಲಿಂದ ಆರಾಮ್‌ಘರ್‌ವರೆಗೆ ಸುಮಾರು ಹನ್ನೊಂದೂವರೆ ಕಿಲೋಮೀಟರಿನ ಮೇಲ್ಸೇತುವೆ ತೆರೆದ ಮೇಲೆ ಆ ದಾರಿಯ ಅಂಗಡಿ, ಆಸ್ಪತ್ರೆಗಳ ವಿಳಾಸವೆಲ್ಲ ಪಿಲ್ಲರ್ ನಂಬರಿನ ಮೇಲೆ ನಡೆಯುತ್ತದೆ. ಬಸ್ಸಿಗೊಂದು ನಂಬರು, ಫ್ಲಾಟಿಗೊಂದು ನಂಬರು. ಇವೆಲ್ಲ ಗುರುತಿನ ಹೆಸರುಗಳು, ಪರಿಮಾಣಗಳಲ್ಲ. ಎಪ್ಪತ್ತನೆಯ ಕಂಬ ಮೂವತ್ತೈದನೆಯದರ ಎರಡರಷ್ಟು ದಪ್ಪವಾಗಿಲ್ಲ! ಜೊತೆಗೆ ಮನೆಯಲ್ಲಿ ಒಂದು-ಎರಡು, ನೆರೆಮನೆಯಲ್ಲಿ ಒಕಟಿ-ರೆಂಡು, ಅಂಗಡಿಯಲ್ಲಿ ಏಕ್-ದೋ, ಶಾಲೆಯಲ್ಲಿ ಒನ್-ಟೂ. ಸರಪಳಿಗಳು ನಾಲ್ಕಾದರೂ ಚೀಲದಲ್ಲಿರುವ ನಿಂಬೆಹಣ್ಣು ಅಷ್ಟೇ. ಇದನ್ನು ಕಲಿಸಲು ಇಲ್ಲಿನ ರೈತು ಬಜಾರಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಮಗುವೇ ಒಂದೊಂದಾಗಿ ಹಣ್ಣನ್ನು ಚೀಲಕ್ಕೆ ಹಾಕಲಿ, ಹಿಂದಿನವರು ಸ್ವಲ್ಪ ಗೊಣಗಿಕೊಳ್ಳಲಿ. ಗುಡಿಮಲ್ಕಾಪುರದ ಕಡೆ ಹೂವು ಕೊಳ್ಳುವಾಗ ಮೊಳ ಎಣಿಸಬಹುದು. (ಮೊಳ ಯಾರ ಕೈಯದು ಎಂಬುದು ಬೇರೆ ಜಗಳ.)

ನಮ್ಮ ಪೂರ್ವಿಕರು ಲೆಕ್ಕವನ್ನು ವಸ್ತುವಿನಿಂದ ಬಿಡಿಸಿ ನೋಡಿದವರಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿ ಮಾವಿನಹಣ್ಣಿನ ಲೆಕ್ಕವೊಂದಿದೆ. ನೃಪತುಂಗನ ರಾಜಧಾನಿ ಮಳಖೇಡ ೧೯೫೬ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತೆಂಬುದನ್ನು ಇಲ್ಲಿನ ಕನ್ನಡಿಗರು ನೆನೆಯಬಹುದು. ಹಣ್ಣಿನ ರಾಶಿಯಲ್ಲಿ ಆರರಲ್ಲೊಂದು ಪಾಲು ರಾಜನಿಗೆ. ಉಳಿದುದರಲ್ಲಿ ಐದರಲ್ಲೊಂದು ರಾಣಿಗೆ. ಮತ್ತೆ ಉಳಿದುಳಿದುದರಲ್ಲಿ ಕಾಲು, ಮೂರರಲ್ಲೊಂದು, ಅರ್ಧ ಎಂದು ಮೂವರು ರಾಜಕುಮಾರರಿಗೆ. ಕೊನೆಗೆ ಮಿಕ್ಕ ಮೂರು ಹಣ್ಣು ಎಲ್ಲರಿಗಿಂತ ಕಿರಿಯ ಮಗುವಿಗೆ. ಕಿವಿಗೆ ಕೇಳುವಾಗ ಒಬ್ಬೊಬ್ಬರದು ಒಂದೊಂದು ಪಾಲು, ಮಗುವಿಗೆ ಮೋಸವಾಯಿತೇನೋ ಎನ್ನಿಸುತ್ತದೆ. ಹದಿನೆಂಟು ಹಣ್ಣನ್ನು ಚಾಪೆಯ ಮೇಲಿಟ್ಟು ಹಂಚಿ ನೋಡಿ: ರಾಜನಿಗೂ ಮೂರೇ, ಕಿರಿಯ ಮಗುವಿಗೂ ಮೂರೇ! ನಾಲ್ಕು ವರ್ಷದವರಿಗೆ ಭಿನ್ನರಾಶಿ ತಿಳಿಯದು. ಆರು ಗುಂಪುಗಳು ಸಮನಾಗಿವೆಯೆಂಬುದು ಕಣ್ಣಿಗೆ ಕಾಣುತ್ತದೆ. "ಅಣ್ಣನಿಗೆ ಜಾಸ್ತಿ, ನನಗೆ ಕಡಿಮೆ" ಎಂದು ಅಳುವ ಮಗುವಿಗೆ ಎಣಿಕೆ ಎಂದರೆ ಮೊದಲು ನ್ಯಾಯದ ವಿಷಯ, ಗಣಿತ ಆಮೇಲೆ. ಅಳು ನಿಲ್ಲಿಸಲು ಇನ್ನೊಂದು ಹಣ್ಣು ತುರುಕುವ ಬದಲು ಇಬ್ಬರ ಪಾಲನ್ನೂ ಸಾಲಾಗಿಟ್ಟು ಜೋಡಿ ಮಾಡಿಸುವ ತಾಳ್ಮೆ ನಮಗೆ ಬೇಕು.

ಕನ್ನಡವಂತೂ ವಸ್ತುವನ್ನೂ ಮನುಷ್ಯನನ್ನೂ ಒಂದೇ ಪದದಿಂದ ಎಣಿಸುವುದಿಲ್ಲ. ಎರಡು ಲೋಟ, ಆದರೆ ಇಬ್ಬರು ಅಜ್ಜಿಯರು. ಐದು ತಟ್ಟೆ, ಆದರೆ ಐವರು ನೆಂಟರು. ನೆರೆಯ ತೆಲುಗಿನಲ್ಲೂ ಈ ಮರ್ಯಾದೆ ಇದೆ, ಇಂಗ್ಲಿಷಿನಲ್ಲಿಲ್ಲ. "ಮೂರು ಅಂಕಲ್ ಬಂದ್ರು" ಎನ್ನುವ ಮಗುವಿನ ಮಾತಿಗೆ ನಕ್ಕು ಸುಮ್ಮನಾಗುವ ಬದಲು ಊಟಕ್ಕೆ ತಟ್ಟೆ ಹಾಕುವ ಕೆಲಸವನ್ನು ಅದಕ್ಕೇ ವಹಿಸಿ ನೋಡಬಹುದು. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ತಾನು: ಐವರಿಗೆ ಐದು. ನಾಲ್ಕೇ ಹಾಕಿದರೆ ನಾವು ಬಾಯಿ ಬಿಡುವುದು ಬೇಡ. ತಟ್ಟೆಯಿಲ್ಲದೆ ಕುಳಿತ ಅಜ್ಜನನ್ನು ಕಂಡು ಮಗುವೇ ಅಡುಗೆಮನೆಗೆ ಓಡುತ್ತದೆ.