ಗೂಬೆಯ ಕೂಗು, ನಮ್ಮ ಕರ್ಮ

ಮುಧೋಳದ ಬೆಳಗಲಿ ರನ್ನನ ಊರು. 993ರಲ್ಲಿ ಅಜಿತನಾಥ ತೀರ್ಥಂಕರನ ಪುರಾಣ ಬರೆದ ಆ ಕವಿಯ ಜೈನಧರ್ಮ ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸುತ್ತದೆ: ಗಿಡಕ್ಕೆ ಸ್ಪರ್ಶವೊಂದೇ, ಇರುವೆಗೆ ಮೂರು, ಹಕ್ಕಿಗೆ ಐದೂ. ಅಲ್ಲಿ ಗೂಬೆ ನವಿಲು, ಗಿಳಿಗಳ ಸಾಲಿನಲ್ಲೇ ಇದೆ. ಅಪಶಕುನದ ಜೀವಿ ಎಂಬ ವರ್ಗವೇ ಇಲ್ಲ. ಆ ವರ್ಗ ನಮ್ಮ ಭಯ ಕಟ್ಟಿದ್ದು. ಮಾಡದ ತಪ್ಪು ಹೊರಿಸುವುದಕ್ಕೆ 'ಗೂಬೆ ಕೂರಿಸುವುದು' ಎನ್ನುವ ನಮ್ಮ ನುಡಿಗೂ ಆ ಹಕ್ಕಿಯೇ ಬೇಕಾಯಿತು.

ಈ ಭಯಕ್ಕೆ ಒಂದು ನೆಲೆಯಾದರೂ ಇದೆಯೇ ಎಂದು ನೋಡಿದರೆ ಹಾಲಕ್ಕಿ ಎದುರಾಗುತ್ತದೆ. ಮರದ ಪೊಟರೆಯಿಂದ ತಲೆ ಹೊರಹಾಕಿ, ಹಳದಿ ಕಣ್ಣು ಅರಳಿಸಿ, ಕಂಡವರತ್ತ ತಲೆ ಮೇಲೆಕೆಳಗೆ ಆಡಿಸುವ, ಬಿಳಿ ಚುಕ್ಕೆಯ ಪುಟ್ಟ ಹಕ್ಕಿ. ನಸುಕಿನಲ್ಲಿ ಮನೆಬಾಗಿಲಿಗೆ ಬರುವ ಬುಡಬುಡಿಕೆಯವರು ಹಾಲಕ್ಕಿ ನುಡಿಯಿತೆಂದೇ ಶುಭ ಹೇಳುತ್ತಾರೆ, ನಾವು ಮೊರ ತುಂಬ ಜೋಳ ಕೊಡುತ್ತೇವೆ. ಆದರೆ ಹಾಲಕ್ಕಿಯೂ ಗೂಬೆಯೇ. 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಗೂಬೆಗಳನ್ನೆಲ್ಲ ಒಂದೇ ಕುಲಕ್ಕೆ ಸೇರಿಸಿ ಗಿಡುಗಗಳ ಜೊತೆ ಇಟ್ಟಿದ್ದ. ಈಗ ಅವಕ್ಕೆ ತಮ್ಮದೇ ಗಣ, ಅದರಲ್ಲಿ ಎರಡು ಕುಟುಂಬ: ಹೃದಯದಾಕಾರದ ಮುಖದ ಕಣಜ ಗೂಬೆಗಳದು ಟೈಟೊನಿಡೆ, ಉಳಿದ 200ಕ್ಕೂ ಹೆಚ್ಚು ಪ್ರಭೇದಗಳದು ಸ್ಟ್ರಿಜಿಡೆ. ಹಾಲಕ್ಕಿಯೂ, ಕೂಗಿದರೆ ಮನೆ ಹಾಳೆಂದು ಜನ ಹೇಳುವ ಕೊಂಬಿನ ಗೂಬೆಯೂ ಈ ಎರಡನೆಯ ಮನೆತನದವೇ. ಒಂದೇ ಮನೆತನದ ಒಬ್ಬನ ಬಾಯಲ್ಲಿ ಶುಭ, ಇನ್ನೊಬ್ಬನ ಬಾಯಲ್ಲಿ ಸಾವು ಇರುವುದಾದರೆ, ಅದು ಹಕ್ಕಿಯ ಗುಣವಲ್ಲ. ಬಂಗಾಳದವರಿಗಂತೂ ಗೂಬೆ ಲಕ್ಷ್ಮಿಯ ವಾಹನ.

ವಿಜ್ಞಾನದ ವಿಂಗಡಣೆಯೂ ಮನುಷ್ಯರದೇ, ಅದೂ ಬದಲಾಗುತ್ತದಲ್ಲ ಎನ್ನಬಹುದು. ನಿಜ. ಆದರೆ ಅದು ಬದಲಾಗುವುದು ಎಲುಬು, ಕೂಗು, ವಂಶವಾಹಿಗಳ ಸಾಕ್ಷಿ ನೋಡಿ. ಯಾವ ಹಕ್ಕಿಗೂ ಅದು ಪಾಪ ಅಂಟಿಸುವುದಿಲ್ಲ. ಗೂಬೆ ಕೂಗಿದ ಮನೆಯಲ್ಲಿ ಸಾವಾದದ್ದನ್ನು ಹಿರಿಯರು ಕಂಡಿಲ್ಲವೇ ಎಂದೂ ಕೇಳುತ್ತಾರೆ. ಕಂಡಿರಬಹುದು. ರೋಗಿಯಿರುವ ಮನೆಯಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ. ದೀಪಕ್ಕೆ ಹುಳು, ಹುಳುವಿಗೆ ಹಕ್ಕಿ. ಕೂಗಿಯೂ ಏನೂ ಆಗದ ರಾತ್ರಿಗಳನ್ನು ಯಾರೂ ಎಣಿಸಿಲ್ಲ. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಶಕುನ ಕಾರಣವಲ್ಲ, ಬರೀ ಸೂಚನೆ. ಹಾಗಿದ್ದರೆ ಸುದ್ದಿ ತಂದವನಿಗೆ ಕಲ್ಲೇಕೆ? ತನ್ನ ಕರ್ಮದ ಫಲ ತನಗೇ ಎಂದು ರನ್ನನ ಧರ್ಮ ಹೇಳುತ್ತದೆ. ಅದನ್ನು ಒಪ್ಪುವವರು ತಮ್ಮ ದುಃಖವನ್ನು ಮತ್ತೊಂದು ಜೀವದ ಕೊರಳಿಗೆ ಕಟ್ಟಲಾರರು. ಕಬ್ಬಿನ ಹೊಲಗಳ ಈ ಸೀಮೆಯಲ್ಲಿ ಗೂಬೆ ರಾತ್ರಿ ಹಿಡಿಯುವುದು ಇಲಿಗಳನ್ನು. ಕೈಯಲ್ಲಿರುವ ಕಲ್ಲು ಕೆಳಗಿಡಿ.